ಗಾಳ ಹಾಕಲು ಗೆಳೆಯನನ್ನೂ ಕರೆದೊಯ್ಯಿರಿ

ಪೋಲಿಯೋದಿಂದ ಕಾಲು ಸೋತವರಿಗೆ, ಕಣ್ಣು ಕಾಣದವರಿಗೆ, ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿರುವವರಿಗೆ ಕೂಡ ಗಾಳ ಹಾಕುವ ಆಸೆ ಇರುತ್ತದೆ. "ನೀನು ಮನೆಯಲ್ಲೇ ಇರಪ್ಪ" ಎಂದು ಬಿಟ್ಟುಹೋಗುವುದು ನ್ಯಾಯವಲ್ಲ.

ಮೊದಲು ಜಾಗ ನೋಡಬೇಕು. ಶ್ರೀರಂಗಪಟ್ಟಣದ ಬಳಿ ಕಾವೇರಿ ಬಂಡೆಗಳ ನಡುವೆ ಹರಿಯುತ್ತದೆ. ಕನ್ನಂಬಾಡಿಯಿಂದ ನೀರು ಬಿಟ್ಟಾಗ ಹೊಳೆ ಏರಿದರೆ ಊರುಗೋಲಿನವರು ಓಡಲಾರರು. ರಂಗನತಿಟ್ಟು ಪಕ್ಷಿಧಾಮದಲ್ಲಿ ಮೀನು ಹಿಡಿಯುವಂತಿಲ್ಲ; ಅಲ್ಲಿ ಮೊಸಳೆಗಳೂ ಇವೆ. ವಿಶ್ವೇಶ್ವರಯ್ಯ ನಾಲೆಯಂತೂ ಬೇಡವೇ ಬೇಡ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ಈ ನಾಲೆಗೆ ಉರುಳಿ 30 ಮಂದಿ ತೀರಿಕೊಂಡರು. ನಾಗಮಂಗಲ, ಕೆ.ಆರ್.ಪೇಟೆ ಕಡೆಯ ಊರಕೆರೆಗಳೇ ವಾಸಿ. ಅಲ್ಲಿಯೂ ಏರಿ, ತೂಬುಗಳನ್ನು ಬಿಟ್ಟು ಸಮತಟ್ಟಾದ ದಡ ಹುಡುಕಿ. ಕೆಸರಿನಲ್ಲಿ ಗಾಲಿ ಹೂಳುತ್ತದೆ. ನೀವು ಮೊದಲು ನಡೆದು ನೋಡಿ. ಮೀನು ಗುತ್ತಿಗೆ ಹಿಡಿದವರ ಒಪ್ಪಿಗೆಯನ್ನೂ ಕೇಳಿ.

ಗಾಲಿಕುರ್ಚಿಯನ್ನು ನೀರಿಗೆ ಅಡ್ಡಲಾಗಿ ನಿಲ್ಲಿಸಿ, ಬ್ರೇಕು ಹಾಕಿದರೂ ಗಾಲಿಗೆ ಕಲ್ಲು ಕೊಡಿ. ಬೀಳದಿರಲೆಂದು ಗೆಳೆಯನನ್ನು ಕುರ್ಚಿಗೆ ಕಟ್ಟಬೇಡಿ. ಕುರ್ಚಿ ನೀರಿಗೆ ಉರುಳಿದರೆ ಆ ಕಟ್ಟೇ ಮುಳುಗಿಸುತ್ತದೆ. ಗಾಳಿ ತುಂಬಿದ ಲಾರಿ ಟ್ಯೂಬಿಗೆ ಹಗ್ಗ ಕಟ್ಟಿ ಪಕ್ಕದಲ್ಲಿಡಿ. ಈಜು ಬಲ್ಲ ಒಬ್ಬರಾದರೂ ಜೊತೆಗಿರಲಿ. ಬೆನ್ನುಹುರಿಗೆ ಪೆಟ್ಟಾದ ಹಲವರಿಗೆ ಸೊಂಟದ ಕೆಳಗೆ ಬಿಸಿ ತಿಳಿಯದು. ಕಾದ ಬಂಡೆಯ ಮೇಲೆ ಕೂರಿಸಿದರೆ ಚರ್ಮ ಸುಟ್ಟದ್ದೇ ಗೊತ್ತಾಗದು, ನೆರಳು ಅಗತ್ಯ. ಕಿವಿ ಕೇಳದವರೊಡನೆ ಅಪಾಯದ ಕೈಸನ್ನೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಕಣ್ಣು ಕಾಣದವರು ಬೆಂಡು ನೋಡಲಾರರು, ನಿಜ. ದಾರ ಬೆರಳಿಗೆ ತಾಗುವಂತೆ ಹಿಡಿದರೆ ಮೀನು ಕಚ್ಚಿದ್ದು ಥಟ್ಟನೆ ತಿಳಿಯುತ್ತದೆ. ಗಿರ್ಲು ಸಿಕ್ಕರೆ ಮಾತ್ರ ಗಾಳ ನೀವೇ ಬಿಡಿಸಿಕೊಡಿ. ಅದರ ಬೆನ್ನಿನ ಮುಳ್ಳು ಚುಚ್ಚಿದರೆ ಬಹಳ ಉರಿ.