ಹದಿಹರೆಯದ ಅಪೌಷ್ಟಿಕತೆ: ಅಳತೆಯ ಬಗ್ಗೆ ತಪ್ಪು ಕಲ್ಪನೆ ಮತ್ತು ಸತ್ಯ

ಅಪೌಷ್ಟಿಕತೆ ಎಂದೊಡನೆ ನಮಗೆ ನೆನಪಾಗುವುದು ಅಂಗನವಾಡಿಯ ಪುಟ್ಟ ಮಕ್ಕಳು. ಹೈಸ್ಕೂಲು ಸೇರಿದವರು ಆ ಲೆಕ್ಕಕ್ಕೇ ಬರುವುದಿಲ್ಲ. ಆದರೆ 2016–18ರ ರಾಷ್ಟ್ರೀಯ ಸಮಗ್ರ ಪೌಷ್ಟಿಕತೆ ಸಮೀಕ್ಷೆಯ ಪ್ರಕಾರ, ದೇಶದ 10ರಿಂದ 19 ವರ್ಷದವರಲ್ಲಿ ಶೇ. 24ರಷ್ಟು ಮಂದಿ ವಯಸ್ಸಿಗೆ ತಕ್ಕ ಮೈಕಟ್ಟಿಲ್ಲದೆ ಸೊರಗಿದವರು. ಇಂಥವರನ್ನು ಗುರುತಿಸಲು ತೂಕದ ಯಂತ್ರ, ಎತ್ತರದ ಪಟ್ಟಿ ಮತ್ತು ಟೇಪು ಸಾಕು. ಎಡವಟ್ಟಾಗುವುದು ಬಂದ ಅಂಕಿಯನ್ನು ಓದುವಾಗ.

ತಪ್ಪು ಕಲ್ಪನೆ: ನೋಡಿದರೇ ಗೊತ್ತಾಗುತ್ತದೆ, ಅಳೆಯುವುದೇನಿದೆ?

ಸತ್ಯ: ಕಣ್ಣಂದಾಜು ಇಲ್ಲಿ ನಡೆಯದು. ವರ್ಷಗಟ್ಟಲೆ ಪೋಷಣೆ ಸಾಲದೆ ಕುಳ್ಳಗೇ ಉಳಿದ 14ರ ಹುಡುಗಿ, ಆರೋಗ್ಯವಾಗಿರುವ 11ರ ಹುಡುಗಿಯಂತೆ ಕಾಣಬಹುದು. ಊರಿನ ಮಕ್ಕಳೆಲ್ಲ ಬಡಕಲಾಗಿದ್ದರಂತೂ ಬಡಕಲೇ ಸಹಜ ಅನ್ನಿಸಿಬಿಡುತ್ತದೆ. ‘ನಮ್ಮ ವಂಶವೇ ಹೀಗೆ’ ಎಂಬ ಸಮಾಧಾನದಲ್ಲಿ ಸಮಸ್ಯೆ ಮುಚ್ಚಿಹೋಗುತ್ತದೆ.

ತಪ್ಪು ಕಲ್ಪನೆ: ಬಿಎಂಐ 18.5ಕ್ಕಿಂತ ಕಡಿಮೆಯಿದ್ದರೆ ಅಪೌಷ್ಟಿಕತೆ.

ಸತ್ಯ: ಅದು ದೊಡ್ಡವರ ಲೆಕ್ಕ. ಬಿಎಂಐ ಎಂದರೆ ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಅಂಕಿ. 150 ಸೆಂ.ಮೀ. ಎತ್ತರ, 36 ಕೆ.ಜಿ. ತೂಕದ 14ರ ಹುಡುಗಿಯ ಬಿಎಂಐ 16. ವಿಶ್ವ ಆರೋಗ್ಯ ಸಂಸ್ಥೆಯ 2007ರ ಪಟ್ಟಿಯಲ್ಲಿ 14 ತುಂಬಿದ ಹುಡುಗಿಯರಿಗೆ ಕೆಳಗಿನ ಗಡಿ ಸುಮಾರು 15.4. ಆದ್ದರಿಂದ ಆಕೆ ಗಡಿಯ ಹತ್ತಿರವಿದ್ದರೂ ಅಪೌಷ್ಟಿಕತೆಯ ಪಟ್ಟಿಗೆ ಸೇರುವುದಿಲ್ಲ. 19ರ ಹೊತ್ತಿಗೆ ಗಡಿ ಸುಮಾರು 16.5 ಆಗುತ್ತದೆ. ಅದೇ 16 ಆಗ ಅಪೌಷ್ಟಿಕತೆಯ ಸೂಚನೆ. ಹುಡುಗರ ಪಟ್ಟಿ ಬೇರೆಯೇ ಇದೆ. ವಯಸ್ಸು, ಲಿಂಗ ಬರೆಯದ ಬಿಎಂಐ ಈ ವಯಸ್ಸಿನಲ್ಲಿ ಏನನ್ನೂ ಹೇಳುವುದಿಲ್ಲ.

ತಪ್ಪು ಕಲ್ಪನೆ: ಅಂಗನವಾಡಿಯ ಬಣ್ಣದ ಟೇಪು ಎಲ್ಲರಿಗೂ ಆಗುತ್ತದೆ.

ಸತ್ಯ: ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ ಎಂಬ ನಿಯಮ 6ರಿಂದ 59 ತಿಂಗಳ ಮಕ್ಕಳಿಗೆ ಮಾತ್ರ. ಮುಂದೆ ವಯಸ್ಸಿನ ಜೊತೆಗೆ ತೋಳೂ ದಪ್ಪವಾಗುತ್ತದೆ. ಹದಿಹರೆಯಕ್ಕೆ ಅಂಥದೊಂದೇ ಗಡಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಮಾಡಿಲ್ಲ. ಹಾಗೆಂದು ಟೇಪು ನಿಷ್ಪ್ರಯೋಜಕವಲ್ಲ. ತೂಕದ ಯಂತ್ರ ಇಲ್ಲದ ಕಡೆ, ನೆಟ್ಟಗೆ ನಿಲ್ಲಲಾಗದ ಮಕ್ಕಳಲ್ಲಿ ಅದು ನೆರವಿಗೆ ಬರುತ್ತದೆ. ಎಡಗೈಯನ್ನು ಮೊಣಕೈಯಲ್ಲಿ ಮಡಿಸಿ, ಭುಜದ ತುದಿಗೂ ಮೊಣಕೈ ತುದಿಗೂ ನಟ್ಟನಡುವೆ ಗುರುತು ಹಾಕಬೇಕು. ನಂತರ ಕೈಯನ್ನು ಸಡಿಲವಾಗಿ ಇಳಿಬಿಡಿಸಿ, ಚರ್ಮ ಒತ್ತದಂತೆ, ಟೇಪು ಜೋಲದಂತೆ ಸುತ್ತಬೇಕು. ದರ್ಜಿಯ ಹಳೆಯ, ಹಿಗ್ಗಿದ ಟೇಪು ಬೇಡ.

ತಪ್ಪು ಕಲ್ಪನೆ: ನಾಲ್ಕು ಸೆಂಟಿಮೀಟರ್ ಆಚೀಚೆಯಾದರೇನು ಮಹಾ?

ಸತ್ಯ: ಮೇಲೆ ಹೇಳಿದ, ಬಿಎಂಐ 16 ಇದ್ದ ಹುಡುಗಿಯನ್ನೇ ತೆಗೆದುಕೊಳ್ಳಿ. ಹಿಮ್ಮಡಿ ಎತ್ತರದ ಚಪ್ಪಲಿ, ನೆತ್ತಿಯ ಮೇಲಿನ ಜುಟ್ಟು ಸೇರಿ ಎತ್ತರ 154 ಎಂದು ದಾಖಲಾದರೆ ಬಿಎಂಐ 15.2ಕ್ಕೆ ಇಳಿಯುತ್ತದೆ. ಆಕೆ ಕಾಗದದ ಮೇಲೆ ಅಪೌಷ್ಟಿಕಳಾಗಿಬಿಡುತ್ತಾಳೆ! ಚಪ್ಪಲಿ ಬಿಡಿಸಿ, ಜುಟ್ಟು ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ, ದೃಷ್ಟಿ ನೇರವಿರುವಾಗ ಅಳೆಯಬೇಕು. ಜೇಬಿನ ಮೊಬೈಲು, ಹೆಗಲ ಚೀಲ ಇಳಿಸಿ ತೂಗಬೇಕು.

ತಪ್ಪು ಕಲ್ಪನೆ: ಇದು ಹೆಣ್ಣುಮಕ್ಕಳ ಸಮಸ್ಯೆ, ಹುಡುಗರು ಗಟ್ಟಿ.

ಸತ್ಯ: ಆರಂಭದಲ್ಲಿ ಹೇಳಿದ ಸಮೀಕ್ಷೆಯಲ್ಲಿ ಸೊರಗಿದವರ ಪ್ರಮಾಣ ಹುಡುಗಿಯರಿಗಿಂತ ಹುಡುಗರಲ್ಲೇ ಹೆಚ್ಚಿತ್ತು. ಬೆಳವಣಿಗೆಯ ನೆಗೆತ ಹುಡುಗಿಯರಿಗೆ ಸುಮಾರು 12ರಲ್ಲಿ, ಹುಡುಗರಿಗೆ ಸುಮಾರು 14ರಲ್ಲಿ ಬರುತ್ತದೆ. ಒಂದೇ ತರಗತಿಯ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ತೀರ್ಮಾನಿಸುವುದು ಇದಕ್ಕೇ ತಪ್ಪು.

ತಪ್ಪು ಕಲ್ಪನೆ: ಬಿಎಂಐ ಸರಿಯಿದ್ದರೆ ಎಲ್ಲ ಸರಿ.

ಸತ್ಯ: ರಕ್ತಹೀನತೆ ಯಾವ ಟೇಪಿಗೂ ಸಿಗುವುದಿಲ್ಲ; ಅದಕ್ಕೆ ಹಿಮೋಗ್ಲೋಬಿನ್ ಪರೀಕ್ಷೆಯೇ ಆಗಬೇಕು. ಕುಂಠಿತ ಎತ್ತರವೂ ಬಿಎಂಐನಲ್ಲಿ ಮರೆಯಾಗುತ್ತದೆ. ತೂಕ, ಎತ್ತರ ಎರಡೂ ಕಡಿಮೆಯಿದ್ದಾಗ ಅಂಕಿ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಎತ್ತರವನ್ನು ವಯಸ್ಸಿನೊಂದಿಗೆ ಪ್ರತ್ಯೇಕವಾಗಿ ಹೋಲಿಸಿ ನೋಡಬೇಕು.

ಈ ಅಳತೆಗಳು ಯಾರನ್ನು ವೈದ್ಯರ ಬಳಿಗೆ ಕಳಿಸಬೇಕು ಎಂದಷ್ಟೇ ತಿಳಿಸುತ್ತವೆ. ಕಾರಣ ಹಸಿವೋ, ಜಂತುಹುಳುವೋ, ಕ್ಷಯವೋ ಎಂಬುದನ್ನು ವೈದ್ಯರೇ ಕಂಡುಹಿಡಿಯಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗೆ ಆರೋಗ್ಯ ತಪಾಸಣೆ ಉಚಿತ. ಶಾಲೆಗೆ ತಪಾಸಣೆಯ ತಂಡ ಬಂದಾಗ ನಿಮ್ಮ ಮಕ್ಕಳ ತೂಕ, ಎತ್ತರವನ್ನು ದಿನಾಂಕ ಸಮೇತ ಬರೆದಿಟ್ಟುಕೊಳ್ಳಿ. ಆರು ತಿಂಗಳ ಬಳಿಕ ಮತ್ತೆ ಅಳೆಯಿಸಿ ಹೋಲಿಸಿ. ಮೇಷ್ಟ್ರುಗಳಲ್ಲಿ ಒಂದು ವಿನಂತಿ: ತರಗತಿಯ ಎದುರು ಯಾರ ತೂಕವನ್ನೂ ಕೂಗಿ ಹೇಳಬೇಡಿ.