ಶಿಲೆಗಳ ಕಾಲಕ್ರಮವನ್ನು ಓದಿದ ಬಿಷಪ್ ಸ್ಟೆನೊ

ಕಡಲಿನಿಂದ ದೂರವಿರುವ ಬೆಟ್ಟದ ಬಂಡೆಯೊಳಗೆ ಕಡಲಪ್ರಾಣಿಯ ಚಿಪ್ಪೋ ಹಲ್ಲೋ ದೊರೆತರೆ ಅದು ಅಲ್ಲಿಗೆ ಬಂದುದು ಹೇಗೆ? ಇಂದು ನಾವು ಇಂಥವನ್ನು ಪಳೆಯುಳಿಕೆಗಳೆಂದು ಕರೆಯುತ್ತೇವೆ. ಮುನ್ನೂರೈವತ್ತು ವರ್ಷಗಳಿಗೂ ಹಿಂದೆ ಈ ಪ್ರಶ್ನೆಯನ್ನು ಕ್ರಮವರಿತು ವಿಚಾರಿಸಿದವನು ನಿಕೊಲಾಸ್ ಸ್ಟೆನೊ.

1638ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಅಕ್ಕಸಾಲಿಗನ ಮಗನಾಗಿ ಹುಟ್ಟಿದ ಸ್ಟೆನೊ ಮೊದಲಿಗೆ ಅಂಗರಚನಾಶಾಸ್ತ್ರಜ್ಞ. ಕಿವಿಯ ಬಳಿಯ ಗ್ರಂಥಿಯಿಂದ ಬಾಯಿಗೆ ಜೊಲ್ಲನ್ನು ತರುವ ನಾಳವನ್ನು ಅವನು 1660ರಲ್ಲಿ ಕುರಿಯ ತಲೆಯೊಂದನ್ನು ಛೇದಿಸುವಾಗ ಕಂಡನು; ಅದು ಇಂದಿಗೂ ಅವನ ಹೆಸರನ್ನು ಹೊತ್ತಿದೆ.

1666ರಲ್ಲಿ ಅವನು ಇಟಲಿಯ ಫ್ಲಾರೆನ್ಸಿನಲ್ಲಿದ್ದಾಗ, ಲಿವೋರ್ನೊ ಬಳಿ ಬೆಸ್ತರು ಹಿಡಿದ ಭಾರಿ ಶಾರ್ಕ್ ಮೀನಿನ ತಲೆಯು ಪರೀಕ್ಷೆಗಾಗಿ ಅವನಲ್ಲಿಗೆ ಬಂದಿತು. ಅದರ ಹಲ್ಲುಗಳು ಮಾಲ್ಟಾ ದ್ವೀಪದ ಬಂಡೆಗಳಲ್ಲಿ ಸಿಕ್ಕುವ ‘ನಾಲಗೆಗಲ್ಲು’ಗಳನ್ನೇ ಹೋಲುತ್ತಿದ್ದವು. ಆ ಕಲ್ಲುಗಳು ಆಕಾಶದಿಂದ ಬಿದ್ದವೆಂದು ಕೆಲವರು, ನೆಲದಲ್ಲಿಯೇ ಬೆಳೆದವೆಂದು ಕೆಲವರು ನಂಬಿದ್ದರು. ಅವು ಶಾರ್ಕಿನ ಹಲ್ಲುಗಳೆಂದು ಇಟಲಿಯ ಫ್ಯಾಬಿಯೊ ಕೊಲೊನ್ನ 1616ರಲ್ಲೇ ವಾದಿಸಿದ್ದನು. ಆದರೆ ಗಟ್ಟಿ ಬಂಡೆಯೊಳಗೆ ಹಲ್ಲು ಹೊಕ್ಕ ಬಗೆ ಯಾವುದು?

ಸ್ಟೆನೊ ಹೀಗೆ ತರ್ಕಿಸಿದನು. ಬಂಡೆಯ ಬಿರುಕಿನಲ್ಲಿ ಬೆಳೆಯುವ ಮರದ ಬೇರು ಇಕ್ಕಟ್ಟಿಗೆ ಸಿಕ್ಕಿ ತಿರುಚಿಕೊಳ್ಳುತ್ತದೆ. ನಾಲಗೆಗಲ್ಲುಗಳಲ್ಲಿ ಅಂಥ ವಿಕಾರವಿಲ್ಲ. ಸುತ್ತಲಿನ ಶಿಲೆಯೇ ಅವುಗಳ ಅಚ್ಚನ್ನು ತಳೆದಿದೆ. ಆದುದರಿಂದ ಗಟ್ಟಿಯಾದ ಹಲ್ಲು ಮೊದಲಿನದು. ಶಿಲೆಯು ಆಗಿನ್ನೂ ನೀರಿನಡಿಯ ಮೆತ್ತನೆಯ ಕೆಸರು.

ಈ ಒಂದು ಸೂತ್ರವನ್ನೇ ಹಿಡಿದು 1669ರ ಕಿರುಗ್ರಂಥದಲ್ಲಿ ಅವನು ಭೂಸ್ತರಗಳ ನಿಯಮಗಳನ್ನು ನಿರೂಪಿಸಿದನು. ಕೆಸರು ತಂಗಿ ಪದರವಾಗುವಾಗ ಕೆಳಗಿನದು ಮೊದಲು, ಮೇಲಿನದು ಅನಂತರ. ಪದರಗಳು ಮೂಲದಲ್ಲಿ ಮಟ್ಟಸವಾಗಿರುತ್ತವೆ. ಅವು ಓರೆಯಾಗಿ ಕಂಡರೆ ಮುಂದೆಂದೋ ನೆಲ ಕುಸಿದಿರಬೇಕು ಇಲ್ಲವೆ ಎದ್ದಿರಬೇಕು.

ಲೂಥರನ ಪಂಥದಲ್ಲಿ ಹುಟ್ಟಿದ್ದ ಸ್ಟೆನೊ 1667ರಲ್ಲಿ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದ್ದನು. 1675ರಲ್ಲಿ ಪಾದ್ರಿಯಾಗಿ, 1677ರಲ್ಲಿ ಬಿಷಪ್ಪನಾಗಿ, ವಿಜ್ಞಾನವನ್ನು ಬಹುಮಟ್ಟಿಗೆ ತೊರೆದು, ಉತ್ತರ ಜರ್ಮನಿಯಲ್ಲಿ ಬಡವರ ನಡುವೆ ಬಡವನಾಗಿ ಬಾಳಿ, 1686ರಲ್ಲಿ ತನ್ನ 48ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಬೈಬಲ್ಲಿನ ಜಲಪ್ರಳಯದ ಕಥೆಗೆ ತನ್ನ ಸ್ತರಗಳನ್ನು ಹೊಂದಿಸಲೆತ್ನಿಸಿದ ಅವನು, ಭೂಮಿಗೆ ಕೆಲವು ಸಾವಿರ ವರ್ಷಗಳ ವಯಸ್ಸೆಂಬ ಆ ಕಾಲದ ಲೆಕ್ಕವನ್ನು ಮೀರಲಿಲ್ಲ. ಅದು ಸುಮಾರು 450 ಕೋಟಿ ವರ್ಷಗಳೆಂದು ಇಂದು ನಾವು ಬಲ್ಲೆವು. ಲೆಕ್ಕ ಬದಲಾಯಿತು, ನಿಯಮ ಉಳಿಯಿತು. ಗುಡ್ಡ ಕಡಿದು ದಾರಿ ಮಾಡಿರುವೆಡೆ ಪದರಗಳನ್ನು ಕಂಡಾಗ, ಇವುಗಳಲ್ಲಿ ಯಾವುದು ಮೊದಲಿನದು ಎಂದು ನಾವೂ ಕೇಳಿಕೊಳ್ಳಬಹುದು. ಭೂಮಿಯ ಚರಿತ್ರೆಯು ಆರಂಭವಾಗುವುದು ಆ ಪ್ರಶ್ನೆಯಿಂದಲೇ.