ಪರರ ನಾಡಿನಲ್ಲಿ ಮನೆ ಕಟ್ಟಿದವರು

ಅನ್ನ, ಅರಿವೆಗಳ ಅನಂತರ ಮನುಷ್ಯನಿಗೆ ಬೇಕಾದುದು ತಲೆಯ ಮೇಲೊಂದು ಸೂರು. ನಮ್ಮ ಹಳ್ಳಿಗಳಲ್ಲಿ ಒಬ್ಬರ ಮನೆ ಬಿದ್ದರೆ ನೆರೆಯವರು ತೊಲೆ, ಜಂತಿ ಹೊತ್ತು ತಂದು ಕೈಗೂಡಿಸುವುದು ಹಿಂದಿನಿಂದ ಬಂದ ರೂಢಿ. ಅದನ್ನು ಮುಯ್ಯಾಳು ಎಂದು ಕರೆದೆವು. ಇಂದು ನಾನು ನಿನ್ನ ಗೋಡೆಗೆ ಕೈಹಚ್ಚಿದರೆ ನಾಳೆ ನೀನು ನನ್ನ ಹೊಲಕ್ಕೆ ಬರುವೆ ಎಂಬ ನಂಬಿಕೆ ಅದರಲ್ಲಿತ್ತು. ಆದರೆ ಭಾಷೆ ತಿಳಿಯದ, ಮತ್ತೆಂದೂ ಕಾಣಲಾರದ ಪರದೇಶದವನಿಗೆ ಮನೆ ಕಟ್ಟಿಕೊಡುವಲ್ಲಿ ಮುಯ್ಯಿ ಎಲ್ಲಿಂದ ಬರಬೇಕು? ಯಾವ ಪ್ರತಿಫಲವನ್ನೂ ಎಣಿಸದೆ ಸಮುದ್ರ ದಾಟಿ ಹೋಗಿ ಇಂಥ ಕೆಲಸ ಮಾಡಿದವರು ಕಳೆದ ನೂರು ವರ್ಷಗಳಲ್ಲಿ ಅನೇಕರಿದ್ದಾರೆ. ಅವರಲ್ಲಿ ಕೆಲವರು ನಮ್ಮ ನಾಡಿಗೂ ಬಂದವರು.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ನಮ್ಮ ಮನೆತನಗಳ ಮಕ್ಕಳು ಇಂದು ಹೊರದೇಶಗಳಲ್ಲಿ ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ರಜೆಯಲ್ಲಿ ನೇಪಾಳಕ್ಕೋ ಕಾಂಬೋಡಿಯಕ್ಕೋ ಆಫ್ರಿಕಾದ ಹಳ್ಳಿಗೋ ಹೋಗಿ ಶಾಲೆ ಕಟ್ಟಿಬರುತ್ತೇವೆಂದು ಅವರು ಹೇಳಿದಾಗ ಹಿರಿಯರಿಗೆ ಹೆಮ್ಮೆಯೂ ಆಗುತ್ತದೆ, ಸಂದೇಹವೂ ಬರುತ್ತದೆ. ಇದು ಸೇವೆಯೋ, ಸೇವೆಯ ಹೆಸರಿನ ಪ್ರವಾಸವೋ ಎಂಬುದು ಆ ಸಂದೇಹ. ಅದಕ್ಕೆ ಉತ್ತರವನ್ನು ಹಿಂದೆ ಈ ಕೆಲಸ ಮಾಡಿದವರ ನಡೆಯಲ್ಲಿಯೇ ಹುಡುಕುವುದು ಲೇಸೆಂದು ನಾವು ಭಾವಿಸುತ್ತೇವೆ.

ಯುದ್ಧಭೂಮಿಯಲ್ಲಿ ಮೊದಲ ಶಿಬಿರ

ಪಿಯೆರ್ ಸೆರೆಸೋಲ್ ಸ್ವಿಟ್ಜರ್ಲೆಂಡಿನವರು. 1879ರಲ್ಲಿ ಲೋಸಾನ್ ನಗರದಲ್ಲಿ ಜನಿಸಿದರು. ತಂದೆ ಆ ದೇಶದ ಅಧ್ಯಕ್ಷರಾಗಿದ್ದವರು. ಎಂಜಿನಿಯರಿಂಗ್ ಓದಿದ ಮಗ ಮಾತ್ರ ಸುಖದ ದಾರಿ ಹಿಡಿಯಲಿಲ್ಲ. ಪಿತ್ರಾರ್ಜಿತ ಹಣವನ್ನು ತ್ಯಜಿಸಿದರು. ಸೈನ್ಯಕ್ಕಾಗಿ ವಿಧಿಸಿದ ತೆರಿಗೆಯನ್ನು ಕೊಡಲೊಲ್ಲದೆ ಸೆರೆಮನೆ ಸೇರಿದರು. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಲಕ್ಷಾಂತರ ಸೈನಿಕರು ಮಡಿದ ಫ್ರಾನ್ಸಿನ ವರ್ಡನ್ ಬಳಿ ಎಸ್ನ್ ಎಂಬ ಹಾಳೂರಿಗೆ ಸಣ್ಣ ತಂಡದೊಡನೆ ಹೋಗಿ ನೆಲ ಹಸನು ಮಾಡಿ ಮನೆ ಎಬ್ಬಿಸುವ ಕೆಲಸಕ್ಕೆ ತೊಡಗಿದರು. ಆ ತಂಡದಲ್ಲಿ ಜರ್ಮನರೂ ಇದ್ದರು. ಯಾವ ದೇಶದ ಫಿರಂಗಿಗಳು ಆ ಊರನ್ನು ಕೆಡವಿದ್ದವೋ ಅದೇ ದೇಶದ ಕೈಗಳು ಅದನ್ನು ಕಟ್ಟಬೇಕೆಂಬುದು ಸೆರೆಸೋಲರ ಆಶಯ. ಆದರೆ ಯುದ್ಧದ ಗಾಯ ಇನ್ನೂ ಹಸಿಯಾಗಿತ್ತು. ಜರ್ಮನರ ಇರವಿಗೆ ವಿರೋಧ ಬಂದುದರಿಂದ 1921ರಲ್ಲಿ ಕೆಲಸ ನಿಂತಿತು.

ಮೊದಲ ಹೆಜ್ಜೆಯೇ ಎಡವಿತೆಂದು ಅವರು ಕೈಚೆಲ್ಲಲಿಲ್ಲ. 1924ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿಯೇ ಹಿಮಪಾತಕ್ಕೆ ಸಿಕ್ಕಿದ ಹಳ್ಳಿಯಲ್ಲಿ, 1928ರಲ್ಲಿ ರೈನ್ ನದಿಯ ನೆರೆಯಿಂದ ಹಾಳಾದ ಲಿಕ್ಟನ್‌ಸ್ಟೈನಿನಲ್ಲಿ ಶಿಬಿರಗಳು ನಡೆದವು. ಹಲವು ದೇಶಗಳ ನೂರಾರು ಜನ ಸಂಬಳವಿಲ್ಲದೆ ಮಣ್ಣು, ಕಲ್ಲು ಹೊತ್ತರು. ಅಂತರರಾಷ್ಟ್ರೀಯ ನಾಗರಿಕ ಸೇವೆ ಎಂಬ ಸಂಸ್ಥೆ ಬೆಳೆದು ನಿಂತದ್ದು ಹೀಗೆ. ಮಾತಿಗಿಂತ ಕೃತಿ ಮುಖ್ಯವೆಂಬುದೇ ಅದರ ನಿಲುವು.

ಬಿಹಾರದ ಮಣ್ಣಿನಲ್ಲಿ

1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳಗಳಲ್ಲಿ ಭೀಕರ ಭೂಕಂಪವಾಯಿತು. ಮುಂಗೇರ, ಮುಜಫರಪುರ, ದರಭಂಗಾ ಪ್ರದೇಶಗಳಲ್ಲಿ ಮನೆಗಳು ನೆಲಸಮವಾದವು. ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಸೆರೆಮನೆಯಿಂದ ಆಗಷ್ಟೇ ಬಿಡುಗಡೆಗೊಂಡ ಬಾಬು ರಾಜೇಂದ್ರಪ್ರಸಾದರು ಪರಿಹಾರ ಕಾರ್ಯದ ಹೊಣೆ ಹೊತ್ತರು. 1931ರಲ್ಲಿ ಗಾಂಧೀಜಿ ಸ್ವಿಟ್ಜರ್ಲೆಂಡಿಗೆ ಹೋದಾಗ ಅವರನ್ನು ಕಂಡಿದ್ದ ಸೆರೆಸೋಲರು ಈ ಸುದ್ದಿ ತಿಳಿದು ಸುಮ್ಮನಿರಲಿಲ್ಲ. ಮೊದಲು ತಾವೇ ಬಂದು ಪರಿಸ್ಥಿತಿಯನ್ನು ಕಣ್ಣಾರೆ ನೋಡಿದರು. ಬಳಿಕ ಬೆರಳೆಣಿಕೆಯ ಸಂಗಡಿಗರೊಡನೆ ಮರಳಿದರು. ಆಗ ಅವರ ವಯಸ್ಸು ಐವತ್ತೈದು.

ಭೂಕಂಪದಿಂದ ನೆಲ ತಗ್ಗಿ, ಮಳೆಗಾಲದಲ್ಲಿ ನೆರೆನೀರು ಹಳ್ಳಿಗಳಿಗೆ ನುಗ್ಗುವಂತಾಗಿತ್ತು. ಹಳೆಯ ಜಾಗದಲ್ಲಿ ಮನೆ ಕಟ್ಟಿದರೆ ಮತ್ತೆ ಮುಳುಗುವ ಭಯ. ಆದುದರಿಂದ ಎತ್ತರದ ನೆಲದಲ್ಲಿ ಹೊಸ ಊರು ಕಟ್ಟುವ ಕಾರ್ಯ ನಡೆಯಿತು. ಅಂಥ ಒಂದು ಊರಿಗೆ ಶಾಂತಿಪುರವೆಂಬ ಹೆಸರಾಯಿತು. ಬಿಳಿಯರೆಂದರೆ ಅಧಿಕಾರಿಗಳೆಂದೇ ಜನ ಬಗೆದಿದ್ದ ಕಾಲದಲ್ಲಿ ಯೂರೋಪಿನವರು ಹಳ್ಳಿಗರ ಜೊತೆ ಮಣ್ಣು ಕೆಲಸಕ್ಕೆ ನಿಂತದ್ದು ಸಣ್ಣ ಸಂಗತಿಯಲ್ಲ. 1937ರವರೆಗೆ ಈ ಸೇವೆ ಸಾಗಿತು. ಎರಡು ವಾರ ಬಂದು ಹೋದ ಕೆಲಸ ಅದಲ್ಲ, ವರ್ಷಗಟ್ಟಲೆ ನಡೆದದ್ದು. ದೇಶದ ನಾಯಕರ ಸಹಕಾರದಿಂದ, ಹಳ್ಳಿಯ ಅಗತ್ಯವನ್ನು ಮೊದಲು ನೋಡಿಕೊಂಡು ಮಾಡಿದ್ದು. ಈ ಅಂಶಗಳನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ತಾಯಿ ಬಂದಳು, ಮಗನೂ ಬಂದ

ಅಮೆರಿಕದ ಲಿಲಿಯನ್ ಕಾರ್ಟರ್ ಎಂಬ ದಾದಿ 1966ರಲ್ಲಿ, ತಮ್ಮ ಅರವತ್ತೆಂಟನೆಯ ವಯಸ್ಸಿನಲ್ಲಿ, ಪೀಸ್ ಕೋರ್ ಸೇವಾದಳದ ಮೂಲಕ ಮುಂಬಯಿ ಸಮೀಪದ ವಿಕ್ರೋಳಿಗೆ ಬಂದು ಎರಡು ವರ್ಷಗಳಷ್ಟು ಕಾಲ ರೋಗಿಗಳ ಶುಶ್ರೂಷೆ ಮಾಡಿದರು. ಮೊಮ್ಮಕ್ಕಳನ್ನು ಆಡಿಸಿಕೊಂಡು ಕೂಡ್ರಬಹುದಾದ ವಯಸ್ಸು ಅದು. ಅವರ ಮಗ ಜಿಮ್ಮಿ ಕಾರ್ಟರ್ ಮುಂದೆ ಅಮೆರಿಕದ ಅಧ್ಯಕ್ಷರಾದರು.

ಅಧಿಕಾರದಿಂದ ಇಳಿದ ಮೇಲೆ ಕಾರ್ಟರ್ ದಂಪತಿಗಳು 1984ರಿಂದ ಹ್ಯಾಬಿಟಾಟ್ ಸಂಸ್ಥೆಯ ಕೆಲಸಕ್ಕೆ ಸುತ್ತಿಗೆ ಹಿಡಿದು ನಿಂತರು. ಈ ಸಂಸ್ಥೆಯನ್ನು 1976ರಲ್ಲಿ ಸ್ಥಾಪಿಸಿದವರು ಮಿಲರ್ಡ್ ಮತ್ತು ಲಿಂಡಾ ಫುಲ್ಲರ್. ಎಳೆಯ ವಯಸ್ಸಿನಲ್ಲಿಯೇ ಲಕ್ಷಾಧೀಶರಾಗಿದ್ದ ಫುಲ್ಲರ್, ಸಂಸಾರ ಒಡೆಯುವ ಹಂತಕ್ಕೆ ಬಂದಾಗ ಸಂಪತ್ತನ್ನು ಬಿಟ್ಟು ಸರಳ ಬಾಳಿಗೆ ಹೊರಳಿದರು. 1973ರಿಂದ ಮೂರು ವರ್ಷ ಆಫ್ರಿಕಾದ ಜಾಯಿರೆಯಲ್ಲಿ, ಅಂದರೆ ಇಂದಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ, ಬಡವರಿಗೆ ಮನೆ ಕಟ್ಟಿಸಿದರು.

ಅವರ ಪದ್ಧತಿ ಗಮನಾರ್ಹವಾದುದು. ಮನೆಯನ್ನು ಪುಕ್ಕಟೆಯಾಗಿ ಕೊಡುವುದಿಲ್ಲ, ಲಾಭಕ್ಕೂ ಮಾರುವುದಿಲ್ಲ. ಮನೆ ಪಡೆಯುವ ಕುಟುಂಬ ತಾನೂ ದುಡಿಯಬೇಕು, ಖರ್ಚನ್ನು ಸಣ್ಣ ಕಂತುಗಳಲ್ಲಿ ಹಿಂದಿರುಗಿಸಬೇಕು. ಆ ಹಣದಿಂದ ಮತ್ತೊಬ್ಬರ ಮನೆ ಏಳುತ್ತದೆ. ಪಡೆದವನು ಭಿಕ್ಷುಕನಾಗದೆ ಮುಂದಿನವನಿಗೆ ದಾನಿಯಾಗುತ್ತಾನೆ. ನಮ್ಮ ಮುಯ್ಯಾಳಿನ ಧರ್ಮವೇ ಇಲ್ಲಿ ಇನ್ನೊಂದು ರೂಪದಲ್ಲಿದೆ. ಭಾರತದಲ್ಲಿ ಈ ಕಾರ್ಯ 1983ರಲ್ಲಿ ಖಮ್ಮಂನಲ್ಲಿ ಆರಂಭವಾಯಿತು. 2006ರಲ್ಲಿ ಲೋನಾವಳದ ಬಳಿ ನೂರು ಮನೆ ಕಟ್ಟುವ ಶಿಬಿರ ನಡೆದಾಗ ಎಂಬತ್ತೆರಡು ವಯಸ್ಸಿನ ಕಾರ್ಟರ್ ಸ್ವತಃ ಬಂದು ಕೆಲಸ ಮಾಡಿದರು. ತಾಯಿ ರೋಗಿಗಳನ್ನು ನೋಡಿಕೊಂಡ ಊರು ಅಲ್ಲಿಂದ ಬಹಳ ದೂರವಿಲ್ಲ. 2024ರ ಡಿಸೆಂಬರಿನಲ್ಲಿ ನೂರು ವರ್ಷ ತುಂಬಿದ ಆ ಜೀವ ಅಗಲಿತು.

ಇನ್ನೊಂದು ಮುಖ

ಇಷ್ಟು ಹೇಳಿದ ಮೇಲೆ ಕಹಿಯಾದ ಮಾತನ್ನೂ ಹೇಳಬೇಕು. ಬೇರೆ ನಾಡಿಗೆ ಹೋಗಿ ಕಟ್ಟಿದ್ದೆಲ್ಲ ಉಪಕಾರವಾಗುವುದಿಲ್ಲ. ಕರಣೆ ಹಿಡಿದರಿಯದ ಯುವಕನೊಬ್ಬನ ವಿಮಾನದ ಖರ್ಚಿನಲ್ಲಿ ಅಲ್ಲಿಯ ಗೌಂಡಿಗೆ ಹಲವು ವಾರಗಳ ಕೂಲಿ ದೊರಕೀತು. ಹೊರಗಿನವನು ಪುಕ್ಕಟೆ ದುಡಿದಾಗ ಊರಿನ ಗೌಂಡಿ ಕೈಕಟ್ಟಿ ಕೂಡ್ರುವಂತಾದರೆ ಅದು ಸೇವೆಯಾಗದು. ಗೋಡೆ ಸೊಟ್ಟಗಾದರೆ ಕಟ್ಟಿದವನು ಭಾವಚಿತ್ರ ತೆಗೆಸಿಕೊಂಡು ಹೋಗಿರುತ್ತಾನೆ. ಅದರಡಿ ಮಲಗುವವರು ಊರಿನ ಮಕ್ಕಳು.

1993ರ ಸೆಪ್ಟೆಂಬರ್ 30ರಂದು ನಮ್ಮ ಬೀದರ ಜಿಲ್ಲೆಗೆ ಸಮೀಪದ ಕಿಲ್ಲಾರಿಯಲ್ಲಿ ನಡೆದ ಭೂಕಂಪವನ್ನು ಮರೆತವರಿಲ್ಲ. ಮಣ್ಣಿನಲ್ಲಿ ಕೂಡಿಸಿದ ಭಾರಿ ಕಲ್ಲುಗೋಡೆಗಳು ಮಲಗಿದ್ದವರ ಮೇಲೆ ಕುಸಿದವು. ಆಮೇಲೆ ದೇಶವಿದೇಶಗಳ ನೆರವು ಹರಿದು ಬಂದು ಹೊಸ ಊರುಗಳು ಎದ್ದವು. ಆದರೆ ಎಷ್ಟೋ ಕಡೆ ಸಾಲುಸಾಲಾದ ಆ ಮನೆಗಳಲ್ಲಿ ದನಕರುಗಳಿಗೆ, ಒಕ್ಕಲುತನದ ಸಲಕರಣೆಗಳಿಗೆ ಜಾಗವಿರಲಿಲ್ಲ. ಅಂಗಳದ ಸುತ್ತ ಕೂಡಿ ಬಾಳಿದ ಕುಟುಂಬಗಳ ಬದುಕಿಗೆ ಆ ವಿನ್ಯಾಸ ಒಗ್ಗಲಿಲ್ಲ. ಬಾಳುವವರನ್ನು ಕೇಳದೆ ಕಟ್ಟಿದರೆ ಗಟ್ಟಿಯಾದ ಮನೆಯೂ ಪರಕೀಯವಾಗಿಯೇ ಉಳಿಯುತ್ತದೆ.

ಇದಕ್ಕೆದುರಾಗಿ ನೇಪಾಳದ ನಿದರ್ಶನವಿದೆ. ಅಲ್ಲಿ 1990ರ ದಶಕದ ಕೊನೆಯಿಂದಲೇ ಕಾಠ್ಮಂಡು ಕಣಿವೆಯ ಹಳೆಯ ಶಾಲೆಗಳನ್ನು ಭೂಕಂಪ ತಡೆಯುವಂತೆ ಬಲಪಡಿಸುವ ಕೆಲಸ ನಡೆದಿತ್ತು. ಊರಿನ ಗೌಂಡಿಗಳಿಗೇ ತರಬೇತಿ ಕೊಡಲಾಗಿತ್ತು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ದೇಶದ ಸಾವಿರಾರು ತರಗತಿ ಕೋಣೆಗಳು ಬಿದ್ದವು. ಅಂದು ಶನಿವಾರ; ಅಲ್ಲಿ ಶಾಲೆಗೆ ರಜೆಯ ದಿನ. ಅದರಿಂದಲೇ ಎಷ್ಟೋ ಮಕ್ಕಳು ಬದುಕಿದರು. ಹಾಗೆ ಬಲಪಡಿಸಿದ ಶಾಲೆಗಳು ಮಾತ್ರ ನಿಂತವು. ಹೊರಗಿನವರು ಕಲಿಸಬಹುದಾದುದನ್ನು ಕಲಿಸಿ ಹೋದರು. ಕಟ್ಟುವ ಕೈ ಊರಿನಲ್ಲಿಯೇ ಉಳಿಯಿತು.

ಹೊರಡುವ ಮುನ್ನ

ಆದುದರಿಂದ ಮಕ್ಕಳು ಹೋಗುವೆನೆಂದಾಗ ತಡೆಯುವುದೂ ಬೇಡ, ಕಣ್ಣುಮುಚ್ಚಿ ಹಣ ಕಟ್ಟುವುದೂ ಬೇಡ. ಕೆಲವು ಪ್ರಶ್ನೆಗಳನ್ನು ಅವರ ಜೊತೆ ಕುಳಿತು ಕೇಳಬೇಕು. ಈ ಕಟ್ಟಡ ಬೇಕೆಂದವರು ಊರಿನವರೋ, ಕರೆದೊಯ್ಯುವ ಸಂಸ್ಥೆಯೋ? ನೆಲ ಯಾರ ಹೆಸರಿನಲ್ಲಿದೆ? ನುರಿತ ಗೌಂಡಿಯ ಕೈಕೆಳಗೆ ದುಡಿಯುವುದೋ, ತಾವೇ ಗೌಂಡಿಯಾಗುವುದೋ? ಶಾಲೆಯಾದರೆ ಅದಕ್ಕೆ ಶಿಕ್ಷಕರೂ ಅವರ ಸಂಬಳವೂ ನಿಶ್ಚಯವಾಗಿವೆಯೇ? ಕಟ್ಟಿದ ಹಣದಲ್ಲಿ ಊರಿಗೆ ಸೇರುವುದೆಷ್ಟು? ಹಲವು ದೇಶಗಳಲ್ಲಿ ಪ್ರವಾಸಿ ವೀಸಾದ ಮೇಲೆ ಸಂಬಳವಿಲ್ಲದ ಸೇವೆ ಮಾಡಲೂ ಪರವಾನಿಗೆ ಬೇಕು, ಅದನ್ನು ವಿಚಾರಿಸಿದ್ದಾರೆಯೇ? ಇವುಗಳಿಗೆ ನೇರ ಉತ್ತರ ಕೊಡಲಾರದ ಸಂಸ್ಥೆಯಿಂದ ದೂರವಿರುವುದೇ ಕ್ಷೇಮ.

ಸಮಾಧಾನಕರ ಉತ್ತರ ದೊರೆತರೆ ಹರಸಿ ಕಳಿಸೋಣ. ಮೈಮುರಿದು ದುಡಿಯುವುದು ಕಾಯಕ, ಕೊಟ್ಟೆನೆಂಬ ಭಾವವಿಲ್ಲದೆ ನೀಡುವುದು ದಾಸೋಹ ಎಂದು ಕೇಳಿ ಬೆಳೆದ ಮಕ್ಕಳಿಗೆ ಇಟ್ಟಂಗಿ ಹೊರುವುದು ಹೊಸ ಪಾಠವೇನಲ್ಲ. ಊರಿನವರ ಮಾತನ್ನು ಮೊದಲು ಕೇಳಿ, ಗೌಂಡಿ ಹೇಳಿದಂತೆ ನಡೆದು, ಹೆಸರು ಕೆತ್ತಿಸದೆ ಮರಳುವ ವಿನಯವೊಂದು ಅವರಲ್ಲಿದ್ದರೆ ಸಾಕು. ವಿಮಾನದ ಖರ್ಚಿಗೆ ಶಕ್ತಿಯಿಲ್ಲದವರೂ ಕೊರಗಬೇಕಾಗಿಲ್ಲ. ಸೋರುವ ಮಾಡಿನ ಶಾಲೆ, ಗೋಡೆ ಕುಸಿದ ಬಡವರ ಮನೆ ನಮ್ಮ ತಾಲೂಕುಗಳಲ್ಲಿಯೂ ಇವೆ. ಅಲ್ಲಿಗೆ ಹೋಗಲು ಪಾಸ್‌ಪೋರ್ಟು ಬೇಡ.